ತಿರುವೈಯಾರಿನ ಪಂಚಮಿ, ನಂಜನಗೂಡಿನ ನಾಗರತ್ನಮ್ಮ

ಪುಷ್ಯ ಬಹುಳ ಪಂಚಮಿಯ ಬೆಳಿಗ್ಗೆ ಟಿ.ವಿ. ಹಾಕಿದರೆ ತಿರುವೈಯಾರು ಮನೆಗೇ ಬಂದಿರುತ್ತದೆ. ಕಾವೇರಿ ದಡದ ತ್ಯಾಗರಾಜರ ಸಮಾಧಿಯ ಮುಂದೆ ವಿದ್ವಾಂಸರು ಸಾಲುಸಾಲಾಗಿ ಎದುರುಬದುರು ಕೂತಿರುತ್ತಾರೆ. ಕೊಳಲಿನವರು ಮೊದಲು ಭೈರವಿಯಲ್ಲಿ ‘ಚೇತುಲಾರ’ ನುಡಿಸುತ್ತಾರೆ. ಆಮೇಲೆ ನಾಟ, ಗೌಳ, ಆರಭಿ, ವರಾಳಿ, ಶ್ರೀ ರಾಗಗಳ ಪಂಚರತ್ನ ಕೃತಿಗಳು, ಐದೂ ಆದಿತಾಳ. ಹಾಡು ಸಾಗುತ್ತಿದ್ದಂತೆ ಒಳಗೆ ಅಭಿಷೇಕವೂ ಸಾಗುತ್ತದೆ.

ಬರೀ ಸಂಗೀತವೆಂದು ಕಿವಿಗೊಟ್ಟರೆ ಇದರಲ್ಲಿ ಅಂಥ ಸೊಗಸಿಲ್ಲ ಎಂದೇ ನನ್ನ ಅಭಿಪ್ರಾಯ. ಒಬ್ಬೊಬ್ಬರದು ಒಂದೊಂದು ಪಾಠಾಂತರ. ಒಬ್ಬರಿಗೆ ಒಗ್ಗುವ ಶ್ರುತಿ ಪಕ್ಕದವರಿಗೆ ಎಟುಕದು. ವರಾಳಿಯಂತೂ ಇನ್ನೊಂದು ಕಥೆ. ಗುರು ಎದುರು ಕೂರಿಸಿಕೊಂಡು ಅದನ್ನು ಹೇಳಿಕೊಟ್ಟರೆ ಶಿಷ್ಯನೊಂದಿಗೆ ಮನಸ್ತಾಪವಾಗುತ್ತದೆಂಬ ನಂಬಿಕೆ ಹಳೆಯದು. ಆ ಸರದಿ ಬಂದಾಗ ತುಟಿ ಆಡಿಸಿ ಸುಮ್ಮನಾಗುವವರನ್ನು ಕ್ಯಾಮೆರಾ ಬಿಡುವುದಿಲ್ಲ. ಆದರೂ ನಾವು ಸೆಟ್ ಆರಿಸುವುದಿಲ್ಲ.

ಇದು ತಲೆತಲಾಂತರದ ಪದ್ಧತಿ ಎನ್ನಿಸುತ್ತದಲ್ಲ? ಹಾಗೇನಿಲ್ಲ. ಪಂಚರತ್ನದ ಈ ಗೋಷ್ಠಿಗಾಯನ ಶುರುವಾದದ್ದು 1940ರ ದಶಕದಲ್ಲಿ. 1934ರ ನಮ್ಮ ಮೊದಲ ಕನ್ನಡ ಮಾತಿನ ಚಿತ್ರ ‘ಸತಿ ಸುಲೋಚನ’ ಇದಕ್ಕಿಂತ ಹಿರಿಯದು!

ತ್ಯಾಗರಾಜರು ತೀರಿಕೊಂಡದ್ದು 1847ರ ಜನವರಿಯಲ್ಲಿ. ಕೊನೆಗಾಲದಲ್ಲಿ ಸಂನ್ಯಾಸ ಪಡೆದಿದ್ದರಿಂದ ನದಿ ದಡದಲ್ಲೇ ಸಮಾಧಿ ಮಾಡಿದರು. ಶಿಷ್ಯರು ಚದುರಿದರು, ಜಾಗ ಹಾಳುಬಿತ್ತು. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಆರಾಧನೆಯೇನೋ ಆರಂಭವಾಯಿತು. ಬೆನ್ನಿಗೇ ಜಗಳವೂ ಹುಟ್ಟಿ ‘ಪೆರಿಯ ಕಚ್ಚಿ’, ‘ಚಿನ್ನ ಕಚ್ಚಿ’ ಎಂದು ಎರಡು ಬಣಗಳಾದವು. ಹೆಂಗಸರು ಹಾಡಕೂಡದು ಎಂಬಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು.

ಅಲ್ಲಿಗೆ ಬಂದವರು ಬೆಂಗಳೂರು ನಾಗರತ್ನಮ್ಮ. 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ದೇವದಾಸಿ ಮನೆತನದ ಮಗಳು, ಮದರಾಸಿನಲ್ಲಿ ಹೆಸರು ಮಾಡಿದ ಗಾಯಕಿ. ಹೆದರುವ ಜೀವವಲ್ಲ. ಮುದ್ದುಪಳನಿಯ ತೆಲುಗು ಶೃಂಗಾರ ಕಾವ್ಯ ‘ರಾಧಿಕಾ ಸಾಂತ್ವನಮು’ವನ್ನು 1910ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿ, ಬ್ರಿಟಿಷ್ ಸರ್ಕಾರದ ನಿಷೇಧ ತಂದುಕೊಂಡವರು. ಸಮಾಧಿಯ ದುಃಸ್ಥಿತಿ ತಿಳಿದ ಮೇಲೆ ಸುತ್ತಲ ನೆಲ ಪಡೆದು, ಸ್ವಂತ ದುಡ್ಡು ಸುರಿದು ಗುಡಿ ಕಟ್ಟಿಸಿದರು. 1926ರಲ್ಲಿ ಅದರ ಪ್ರತಿಷ್ಠೆಯಾಯಿತು.

ಗುಡಿ ಕಟ್ಟಿಸಿದವರಿಗೇ ಅದರ ಮುಂದೆ ಹಾಡಲು ಅವಕಾಶವಿಲ್ಲ! ನಾಗರತ್ನಮ್ಮ ವಾದಕ್ಕಿಳಿದು ಕೂರಲಿಲ್ಲ. ಹೆಂಗಸರನ್ನೇ ಕಲೆಹಾಕಿ, ಗುಡಿಯ ಹಿಂಬದಿಯಲ್ಲಿ ಮೂರನೆಯ ಆರಾಧನೆ ಆರಂಭಿಸಿದರು. ಊರವರ ಬಾಯಲ್ಲಿ ಅದು ‘ಪೆಣ್ಗಳ್ ಕಚ್ಚಿ’, ಹೆಂಗಸರ ಬಣ. ಮೂರೂ ಬಣಗಳು ಒಂದಾಗಲು 1940ರ ಹೊತ್ತಾಯಿತು. ಹಾಗೆ ಒಂದಾದದ್ದರಿಂದಲೇ ಇಂದಿನ ಗೋಷ್ಠಿ. ಈಗ ಅಲ್ಲಿ ಹೆಣ್ಣುದನಿಯೇ ಜೋರು. 1952ರಲ್ಲಿ ನಾಗರತ್ನಮ್ಮ ತೀರಿಕೊಂಡರು. ಅವರ ಸಮಾಧಿಯೂ ಅಲ್ಲೇ ಹತ್ತಿರದಲ್ಲಿದೆ, ಕೈಮುಗಿದ ಪ್ರತಿಮೆಯೊಂದಿಗೆ.

ನಮ್ಮಲ್ಲಿ ಈ ಪಂಚಮಿಗೆ ಇನ್ನೊಂದು ಜೊತೆಯಿದೆ. ಹತ್ತು ದಿನ ಕಳೆದರೆ ಪುಷ್ಯ ಬಹುಳ ಅಮಾವಾಸ್ಯೆ, ಪುರಂದರದಾಸರ ಆರಾಧನೆ. ಬೆಂಗಳೂರು, ಮೈಸೂರಿನ ಎಷ್ಟೋ ಸಂಗೀತ ಶಾಲೆಗಳು ಅನುಕೂಲದ ಭಾನುವಾರ ನೋಡಿ ಎರಡನ್ನೂ ಒಟ್ಟಿಗೇ ಮಾಡಿಬಿಡುತ್ತವೆ: ಬೆಳಿಗ್ಗೆ ಚಿಕ್ಕಮಕ್ಕಳ ಪಿಳ್ಳಾರಿ ಗೀತೆ, ಮಧ್ಯಾಹ್ನದೊಳಗೆ ಪಂಚರತ್ನ, ಆಮೇಲೆ ಪುಳಿಯೋಗರೆ, ಕೋಸಂಬರಿ.