ಗುಂಪಿನಲ್ಲಿದ್ದರಷ್ಟೇ ಸಾಕೇ?



ಕ್ರಿಸ್ತಜಯಂತಿಯ ನಂತರದ ಭಾನುವಾರ ನಾವು ಪವಿತ್ರ ಕುಟುಂಬದ ಹಬ್ಬವನ್ನು ಆಚರಿಸುತ್ತೇವೆ. ಈ ಹಬ್ಬಕ್ಕೆ ಓದಲಾಗುವ ಶುಭಸಂದೇಶಗಳಲ್ಲಿ ಸಂತ ಲೂಕರು ಬರೆದ ಒಂದು ಪ್ರಸಂಗ ತಂದೆತಾಯಿಯರ ಎದೆ ತಟ್ಟುವಂಥದ್ದು. ಹನ್ನೆರಡು ವರ್ಷದ ಬಾಲಯೇಸು ಪಾಸ್ಕ ಹಬ್ಬ ಮುಗಿದ ಮೇಲೂ ಜೆರುಸಲೇಮಿನಲ್ಲೇ ಉಳಿಯುತ್ತಾರೆ. ಮಾತೆ ಮರಿಯಮ್ಮನವರಿಗೂ ಸಂತ ಜೋಸೆಫರಿಗೂ ಅದು ತಿಳಿಯದು. ಮಗ ಯಾತ್ರಿಕರ ಗುಂಪಿನಲ್ಲಿ ಎಲ್ಲೋ ಇದ್ದಾನೆಂದು ಭಾವಿಸಿ ಒಂದು ದಿನದ ದಾರಿ ನಡೆದುಬಿಡುತ್ತಾರೆ. ಆಮೇಲೆ ನೆಂಟರಿಷ್ಟರ ನಡುವೆ ಹುಡುಕಿ, ಕಾಣದೆ, ಬಂದ ದಾರಿಯಲ್ಲೇ ಹಿಂದಿರುಗುತ್ತಾರೆ.

ಈ ಪ್ರಸಂಗದಲ್ಲಿ ಎರಡು ವಿಷಯಗಳನ್ನು ಗಮನಿಸೋಣ. ಯೇಸು ಬೆಳೆದದ್ದು ನಾಲ್ಕು ಗೋಡೆಗಳೊಳಗಲ್ಲ; ನೆಂಟರು, ನೆರೆಹೊರೆಯವರು, ಹಿರಿಯರು, ಕಿರಿಯರು ಎಲ್ಲರೂ ಇದ್ದ ಬಳಗದಲ್ಲಿ. ಹಾಗಿದ್ದೂ ಮಗ ಗುಂಪಿನಲ್ಲಿದ್ದಾನೆ ಎಂಬ ಭರವಸೆಯೊಂದೇ ಸಾಲಲಿಲ್ಲ; ಅವನೆಲ್ಲಿ ಎಂದು ತಂದೆತಾಯಿ ಹುಡುಕಬೇಕಾಯಿತು. ಈ ಎರಡು ವಿಷಯಗಳ ಬೆಳಕಿನಲ್ಲಿ, ಇಂದು ಕೆಲವು ಪಾಲಕರನ್ನು ಕಾಡುತ್ತಿರುವ ಒಂದು ಪ್ರಶ್ನೆಯನ್ನು ನೋಡೋಣ.

ಮಕ್ಕಳನ್ನು ಶಾಲೆಗೆ ಸೇರಿಸದೆ ತಂದೆತಾಯಿಯರೇ ಮನೆಯಲ್ಲಿ ಪೂರ್ಣ ವಿದ್ಯಾಭ್ಯಾಸ ಕೊಡುವ ಕ್ರಮಕ್ಕೆ ಹೋಮ್ ಸ್ಕೂಲಿಂಗ್ ಎನ್ನುತ್ತಾರೆ. ಶಾಲೆ ಮುಗಿಸಿ ಬಂದ ಮಗು ಸಂಜೆ ಹೋಗುವ ಟ್ಯೂಷನ್ ಇದಲ್ಲ. 2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಮೊಬೈಲಿನ ಮುಂದೆ ಕುಳಿತು ಕೇಳಿದ ಪಾಠವೂ ಇದಲ್ಲ. ಅಮೆರಿಕದಲ್ಲಿ ಈ ಕ್ರಮ ವ್ಯಾಪಕವಾಗಿದೆ. ಅಲ್ಲಿನ ಶಿಕ್ಷಕ ಮತ್ತು ಲೇಖಕ ಜಾನ್ ಹೋಲ್ಟ್ 1977ರಲ್ಲಿ ಇದಕ್ಕೆಂದೇ ಒಂದು ಪತ್ರಿಕೆ ಆರಂಭಿಸಿದರು. 1993ರ ವೇಳೆಗೆ ಐವತ್ತೂ ರಾಜ್ಯಗಳಲ್ಲಿ ಇದಕ್ಕೆ ಕಾನೂನಿನ ಒಪ್ಪಿಗೆ ದೊರೆತಿತ್ತು. ಅಲ್ಲಿನ ಜನಗಣತಿ ಇಲಾಖೆಯ ಪ್ರಕಾರ, ಶಾಲಾ ವಯಸ್ಸಿನ ಮಕ್ಕಳಿರುವ ಕುಟುಂಬಗಳಲ್ಲಿ ಹೀಗೆ ಕಲಿಸುವವರು 2020ರ ವಸಂತದಲ್ಲಿ ಶೇಕಡ 5.4ರಷ್ಟಿದ್ದರು, ಅದೇ ವರ್ಷದ ಶರತ್ಕಾಲಕ್ಕೆ ಶೇಕಡ 11.1ಕ್ಕೆ ಏರಿದ್ದರು. ನಮ್ಮ ಬೆಂಗಳೂರಿನಂಥ ನಗರಗಳಲ್ಲಿಯೂ ಈ ದಾರಿ ಹಿಡಿದ ಕುಟುಂಬಗಳಿವೆ.

ನಮ್ಮ ದೇಶದ ಕಾನೂನು ಏನು ಹೇಳುತ್ತದೆ? 2009ರ ಶಿಕ್ಷಣದ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯ ಎಂದು ಅದು ಹೇಳುತ್ತದೆ. ಆದರೆ ಸೇರಿಸದ ಪಾಲಕರಿಗೆ ದಂಡವನ್ನು ಹೇಳಿಲ್ಲ. ಮನೆಯಲ್ಲಿ ಓದಿದವರು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಗೆ ಸಮನಾದ ಪರೀಕ್ಷೆ ಬರೆಯಬಹುದು. ಆದ್ದರಿಂದ ಸರ್ಟಿಫಿಕೇಟಿನ ಚಿಂತೆಗೆ ದಾರಿಯುಂಟು. ಅಜ್ಜ ಅಜ್ಜಿಯರ ಚಿಂತೆ ಬೇರೆಯೇ. "ಮಗು ನಾಲ್ಕು ಜನರ ಜೊತೆ ಬೆರೆಯುವುದನ್ನು ಎಲ್ಲಿ ಕಲಿಯುತ್ತದೆ?" ಎಂದು ಅವರು ಕೇಳುತ್ತಾರೆ. ಈ ಪ್ರಶ್ನೆಯನ್ನು ನಾವು ಹಗುರವಾಗಿ ತೆಗೆದುಕೊಳ್ಳಬಾರದು. ಜರ್ಮನಿಯಲ್ಲಿ ಮಕ್ಕಳು ಶಾಲೆಗೆ ಹೋಗಲೇಬೇಕೆಂಬ ನಿಯಮವಿದೆ. ಅದನ್ನು ಪ್ರಶ್ನಿಸಿದ ಒಂದು ಕುಟುಂಬದ ಅರ್ಜಿಯನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2006ರಲ್ಲಿ ತಳ್ಳಿಹಾಕಿತು. ಮಕ್ಕಳು ಬೇರೆ ಬೇರೆ ನಂಬಿಕೆಯವರೊಡನೆ ಬೆರೆತು ಬೆಳೆಯುವುದರಲ್ಲಿ ಸಮಾಜಕ್ಕೂ ಪಾಲುಂಟು ಎಂಬುದು ಅಲ್ಲಿ ಮುಖ್ಯವಾದ ವಾದವಾಗಿತ್ತು.

ನಮ್ಮ ಧರ್ಮಸಭೆಯ ಬೋಧನೆ ಎರಡು ಕಡೆಯನ್ನೂ ನೋಡುತ್ತದೆ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೊರಡಿಸಿದ ಶಿಕ್ಷಣದ ಕುರಿತ ಘೋಷಣೆಯಲ್ಲಿ, ತಂದೆತಾಯಿಯರೇ ಮಕ್ಕಳ ಮೊದಲ ಮತ್ತು ಮುಖ್ಯ ಗುರುಗಳು ಎಂದು ಸಾರಿತು. ಸಮಾಜಕ್ಕೆ ಬೇಕಾದ ಸದ್ಗುಣಗಳನ್ನು ಕಲಿಸುವ ಮೊದಲ ಶಾಲೆ ಕುಟುಂಬವೇ ಎಂದೂ ಹೇಳಿತು. ಅದೇ ಘೋಷಣೆ ಶಾಲೆಯ ವಿಶೇಷ ಮಹತ್ವವನ್ನೂ ಎತ್ತಿಹಿಡಿಯಿತು. 1981ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಕುಟುಂಬದ ಕುರಿತು ಬರೆಯುತ್ತಾ, ಶಿಕ್ಷಣ ಕೊಡುವುದರಲ್ಲಿ ಕುಟುಂಬ ಮೊದಲನೆಯದು, ಆದರೆ ಒಂದೇ ಒಂದಲ್ಲ ಎಂದು ಸ್ಪಷ್ಟಪಡಿಸಿದರು. ಅಂದರೆ ಮನೆ ಬೇರು. ಬೇರಿಲ್ಲದ ಗಿಡ ನಿಲ್ಲದು. ಗಾಳಿ ಬಿಸಿಲು ಕಾಣದ ಗಿಡವೂ ಗಟ್ಟಿಯಾಗದು.

ಇದಕ್ಕೆ ನಾವೆಲ್ಲ ಪ್ರೀತಿಸುವ ಒಬ್ಬ ಸಂತಳ ಬಾಲ್ಯವೇ ಸಾಕ್ಷಿ. ಲಿಸ್ಯೂವಿನ ಸಂತ ತೆರೇಸಾ 1873ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದಳು. ನಾಲ್ಕು ವರ್ಷವಾಗಿದ್ದಾಗ ತಾಯಿಯನ್ನು ಕಳೆದುಕೊಂಡಳು. ಅಕ್ಕ ಪೌಲಿನ್ ಮನೆಯಲ್ಲಿ ಅವಳಿಗೆ ಪಾಠ ಹೇಳಿದಳು. ಎಂಟೂವರೆ ವರ್ಷಕ್ಕೆ ಬೆನೆಡಿಕ್ಟಿನ್ ಕನ್ಯಾಸ್ತ್ರೀಯರ ಶಾಲೆಗೆ ಸೇರಿಸಿದಾಗ ಓದಿನಲ್ಲಿ ಅವಳು ಎಷ್ಟು ಮುಂದಿದ್ದಳೆಂದರೆ, ತನಗಿಂತ ದೊಡ್ಡವರ ತರಗತಿಯಲ್ಲಿ ಅವಳನ್ನು ಕೂರಿಸಿದರು. ಮನೆಯ ಪಾಠ ಸೋತಿರಲಿಲ್ಲ. ಆದರೆ ದೊಡ್ಡ ಹುಡುಗಿಯೊಬ್ಬಳ ಹೊಟ್ಟೆಕಿಚ್ಚು ಅವಳನ್ನು ಕಾಡಿತು, ಉಳಿದವರ ಆಟಗಳು ಅವಳಿಗೆ ಬರುತ್ತಿರಲಿಲ್ಲ. ಎದುರಾಡಲು ತಿಳಿಯದೆ ಅವಳು ಸುಮ್ಮನೆ ಅಳುತ್ತಿದ್ದಳು. ಅಲ್ಲಿ ಕಳೆದ ಐದು ವರ್ಷಗಳನ್ನು ತನ್ನ ಜೀವನದ ಅತ್ಯಂತ ದುಃಖದ ಕಾಲವೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾಳೆ. ಕೊನೆಗೆ 1886ರಲ್ಲಿ ತಂದೆ ಅವಳನ್ನು ಶಾಲೆ ಬಿಡಿಸಿ, ಒಬ್ಬ ಶಿಕ್ಷಕಿಯ ಮನೆಗೆ ಪಾಠಕ್ಕೆ ಕಳುಹಿಸಿದರು.

ಈ ಕಥೆಯಿಂದ ಯಾರು ಗೆದ್ದರು, ಮನೆಯೋ ಶಾಲೆಯೋ? ಎರಡೂ ಅಲ್ಲ. ಮನೆಯ ಮಮತೆಯಲ್ಲೇ ಬೆಳೆದ ಮಗುವಿಗೆ ಹೊರಗಿನ ಒರಟುತನ ಎದುರಿಸುವ ಅಭ್ಯಾಸವಿರಲಿಲ್ಲ. ಇತ್ತ, ಮಕ್ಕಳಿಂದ ತುಂಬಿದ ಶಾಲೆಯೂ ಅವಳಿಗೆ ಬೆರೆಯುವುದನ್ನು ತಾನಾಗಿಯೇ ಕಲಿಸಲಿಲ್ಲ. ಅವಳು ಅದನ್ನು ಕಲಿತದ್ದು ಮುಂದೆ. 1888ರಲ್ಲಿ ಹದಿನೈದನೆಯ ವಯಸ್ಸಿಗೆ ಕಾರ್ಮೆಲ್ ಮಠ ಸೇರಿದ ಮೇಲೆ, ತನಗೆ ಒಗ್ಗದ ಸ್ವಭಾವದ ಭಗಿನಿಯೊಬ್ಬಳನ್ನು ಕಂಡಾಗಲೆಲ್ಲ ನಗುಮುಖದಿಂದ ಸತ್ಕರಿಸುತ್ತಾ ಕಲಿತಳು. ತನ್ನಲ್ಲಿ ಏನು ಕಂಡು ಇಷ್ಟು ಪ್ರೀತಿಸುತ್ತೀ ಎಂದು ಆ ಭಗಿನಿಯೇ ಕೇಳುವಷ್ಟು! ಬೆರೆಯುವುದೆಂದರೆ ಮೆಚ್ಚಿದವರೊಡನೆ ಹರಟುವುದಷ್ಟೇ ಅಲ್ಲ. ಒಗ್ಗದವರನ್ನು ಸಹಿಸಿ ಪ್ರೀತಿಸುವುದು.

ಸಂಶೋಧಕರು ಏನೆನ್ನುತ್ತಾರೆ? ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೆಡ್ಲಿನ್ 2013ರಲ್ಲಿ ಹಲವು ಅಧ್ಯಯನಗಳನ್ನು ಪರಿಶೀಲಿಸಿ, ಮನೆಯಲ್ಲಿ ಕಲಿತ ಮಕ್ಕಳು ಜನರೊಡನೆ ನಡೆದುಕೊಳ್ಳುವುದರಲ್ಲಿ ಸಾಮಾನ್ಯವಾಗಿ ಹಿಂದುಳಿದಿಲ್ಲ ಎಂದರು. ಆದರೆ ಇಂಥ ಅಧ್ಯಯನಗಳಿಗೆ ಹೆಚ್ಚಾಗಿ ತಾವಾಗಿಯೇ ಮುಂದೆ ಬಂದ ಕುಟುಂಬಗಳು ಒಳಪಟ್ಟಿರುತ್ತವೆ. ಬಾಗಿಲು ಮುಚ್ಚಿಕೊಂಡ ಮನೆಗಳ ಮಕ್ಕಳು ಅಷ್ಟಾಗಿ ಲೆಕ್ಕಕ್ಕೆ ಸಿಗುವುದಿಲ್ಲ. ಆದ್ದರಿಂದ ಆ ಫಲಿತಾಂಶ ಹಿಡಿದು ನಿಶ್ಚಿಂತರಾಗುವುದೂ ಸರಿಯಲ್ಲ.

ಹಾಗಾದರೆ ಮನೆಯಲ್ಲೇ ಕಲಿಸುವ ಪಾಲಕರು ಏನು ಮಾಡಬೇಕು? ಬೆರೆಯುವ ಪಾಠಕ್ಕೂ ಗಣಿತದ ಪಾಠದಷ್ಟೇ ಖಚಿತವಾದ ಸಮಯವಿಡಬೇಕು. ವರ್ಷಕ್ಕೊಮ್ಮೆಯ ಹುಟ್ಟುಹಬ್ಬದ ಪಾರ್ಟಿ ಇದಕ್ಕೆ ಸಾಲದು. ಅದೇ ಮಕ್ಕಳನ್ನು ವಾರವಾರವೂ ಕಾಣಬೇಕು. ಆಗಲೇ ಜಗಳವೂ ಬರುತ್ತದೆ, ರಾಜಿಯೂ ಆಗುತ್ತದೆ, ಸ್ನೇಹವೂ ಬಲಿಯುತ್ತದೆ. ಭಾನುವಾರದ ಜ್ಞಾನೋಪದೇಶ, ಪೀಠಬಾಲಕರ ತಂಡ, ಗಾನವೃಂದ, ಬೀದಿಯ ಕ್ರಿಕೆಟ್ ಎಲ್ಲವೂ ಈ ಪಾಠದ ತರಗತಿಗಳೇ. ನಮ್ಮ ಮತ, ಭಾಷೆ, ಅಂತಸ್ತಿನವರಷ್ಟೇ ಅಲ್ಲಿದ್ದರೆ ಸಾಲದು. ಬೇರೆ ಮನೆಯ ಊಟ, ಬೇರೆ ಮನೆಯ ಹಬ್ಬವನ್ನೂ ಮಗು ಗೌರವದಿಂದ ಕಾಣಬೇಕು. ದೇಶ ಸುತ್ತು, ಕೋಶ ಓದು ಎಂದರು ಹಿರಿಯರು, ಕೋಶವೊಂದೇ ಸಾಕೆನ್ನಲಿಲ್ಲ. ಮುಖ್ಯವಾಗಿ, ತಂದೆತಾಯಿಯಲ್ಲದೆ ಬೇರೊಬ್ಬ ದೊಡ್ಡವರ ಮಾತನ್ನು ಮಗು ಕೇಳಬೇಕು. ತನ್ನ ಕಷ್ಟವನ್ನು ಹೇಳಿಕೊಳ್ಳಲು ಹೊರಗೆ ನಂಬಿಕಸ್ಥರೊಬ್ಬರು ಅದಕ್ಕಿರಬೇಕು. ಲೋಕದ ಮೇಲಿನ ಭಯದಿಂದ ಮಗುವನ್ನು ಮನೆಯಲ್ಲಿರಿಸಿದರೆ ಮಗು ಆ ಭಯವನ್ನೇ ಮೊದಲು ಕಲಿಯುತ್ತದೆ.

ಮಕ್ಕಳನ್ನು ಶಾಲೆಗೆ ಕಳುಹಿಸುವ ನಾವೆಲ್ಲರೂ ಒಂದು ಮಾತು ಕೇಳಿಕೊಳ್ಳಬೇಕು. ಐವತ್ತು ಮಕ್ಕಳ ತರಗತಿಯಲ್ಲಿ ಕುಳಿತ ನಮ್ಮ ಮಗುವಿಗೆ ಒಬ್ಬ ಗೆಳೆಯನಾದರೂ ಇದ್ದಾನೆಯೇ? ಮಧ್ಯಾಹ್ನ ಅವನು ಯಾರ ಜೊತೆ ಊಟಕ್ಕೆ ಕೂರುತ್ತಾನೆ? ಎಷ್ಟು ಅಂಕ ಬಂತು ಎಂದು ಕೇಳುವ ನಾವು ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿದ್ದೇವೆ? ಜಗದ್ಗುರು ಫ್ರಾನ್ಸಿಸರು 2016ರಲ್ಲಿ ಪಾಲಕರಿಗೆ ಕೊಟ್ಟ ಸಲಹೆಯೂ ಇದೇ ಅರ್ಥದ್ದು: ಮಗು ಈಗ ಎಲ್ಲಿದೆ, ಯಾರ ಜೊತೆಗಿದೆ ಎಂಬುದಕ್ಕಿಂತ ಅದರ ಮನಸ್ಸು, ಆಸೆ, ಗುರಿ ಎಲ್ಲಿವೆ ಎಂದು ತಿಳಿಯುವುದು ಮುಖ್ಯ.

ಪ್ರಿಯರೇ, ದೇವಾಲಯದ ಪ್ರಸಂಗವನ್ನು ಮುಗಿಸುವಾಗ ಸಂತ ಲೂಕರು ಯೇಸು ಜ್ಞಾನದಲ್ಲಿ ಬೆಳೆದರೆಂದಷ್ಟೇ ಬರೆಯುವುದಿಲ್ಲ. ದೇವರ ಮತ್ತು ಮನುಷ್ಯರ ಪ್ರೀತಿಗೆ ಪಾತ್ರರಾಗಿ ಬೆಳೆದರೆಂದೂ ಬರೆಯುತ್ತಾರೆ. ನಮ್ಮ ಮಕ್ಕಳು ಮನೆಯಲ್ಲಿ ಕಲಿಯಲಿ, ಶಾಲೆಯಲ್ಲಿ ಕಲಿಯಲಿ, ಅವರ ಬೆಳವಣಿಗೆಯನ್ನು ಈ ಅಳತೆಯಿಂದಲೇ ಅಳೆಯೋಣ. ಗುಂಪಿನಲ್ಲಿದ್ದಾರೆ ಎಂದು ನಡೆದುಬಿಡದೆ, ಈ ದಿನವೇ ಒಮ್ಮೆ ತಿರುಗಿ ನೋಡಿ, ಹತ್ತಿರ ಕೂರಿಸಿಕೊಂಡು ಮಾತನಾಡಿಸೋಣ. ಪವಿತ್ರ ಕುಟುಂಬವು ನಮ್ಮ ಕುಟುಂಬಗಳಿಗಾಗಿ ಪ್ರಾರ್ಥಿಸಲಿ.