ಕಚ್ಚುವ ನಾಯಿಯೂ ಸರಪಳಿ ಹಿಡಿದ ಕೈಯೂ

ನಾಯಿ ಕಚ್ಚಿದರೆ ತಪ್ಪು ಯಾರದು? ನಾಯಿಯದೋ, ಕಚ್ಚಿಸಿಕೊಂಡವನದೋ, ಸಾಕಿದವನದೋ? ನಮ್ಮಲ್ಲಿ ಬಹು ಮಂದಿ ಮೊದಲಿನ ಎರಡು ಉತ್ತರಗಳಲ್ಲಿಯೇ ನಿಂತುಬಿಡುತ್ತಾರೆ. “ಮೂಕಪ್ರಾಣಿ, ಅದಕ್ಕೇನು ತಿಳಿದೀತು?” ಎನ್ನುವರು, ಇಲ್ಲವೆ “ನೀನೇಕೆ ಆ ಗೇಟಿನೊಳಗೆ ಹೋದೆ?” ಎಂದು ಗಾಯಗೊಂಡವನನ್ನೇ ಗದರಿಸುವರು. ಕಾನೂನು ಕೇಳುವ ಪ್ರಶ್ನೆ ಬೇರೆ. ಆ ನಾಯಿ ಯಾರ ವಶದಲ್ಲಿತ್ತು? ಅವರು ತಕ್ಕ ಎಚ್ಚರಿಕೆ ವಹಿಸಿದ್ದರೇ? ಈ ಎರಡು ಮಾತುಗಳನ್ನು ನಮ್ಮ ವಾಚಕ ಬಂಧುಗಳು ಮನದಟ್ಟು ಮಾಡಿಕೊಳ್ಳಬೇಕೆಂದು ಈ ಲೇಖನವನ್ನು ಬರೆದಿದ್ದೇವೆ.

ಹೊಟ್ಟೆಪಾಡಿಗೆಂದು ಊರು ಬಿಟ್ಟು ಬಂದ ನಮ್ಮವರಲ್ಲಿ ಕಾವಲುಗಾರರಿದ್ದಾರೆ, ಅಡಿಗೆಯವರಿದ್ದಾರೆ, ಡ್ರೈವರುಗಳಿದ್ದಾರೆ, ನಸುಕಿನಲ್ಲಿ ಹಾಲು ಪೇಪರು ಹಾಕುವ ಹುಡುಗರಿದ್ದಾರೆ. ಪರರ ಗೇಟು ತೆರೆಯುವುದೇ ಇವರ ಕಸುಬು. ಕಚ್ಚಿಸಿಕೊಂಡವನ ಕೈಗೆ ನೂರೋ ಇನ್ನೂರೋ ರೂಪಾಯಿ ಇಟ್ಟು “ಹೋಗು, ಏನೂ ಆಗುವುದಿಲ್ಲ” ಎಂದು ಕಳುಹಿಸುವ ದೊಡ್ಡ ಮನೆಗಳು ಇಂದಿಗೂ ಇವೆ. ಕೆಲಸ ಹೋದೀತೆಂಬ ಭಯದಿಂದ ಅವನೂ ಸುಮ್ಮನಾಗುತ್ತಾನೆ. ಈ ಸುಮ್ಮನಿರುವಿಕೆಯಿಂದ ಪ್ರಾಣವೇ ಹೋಗಬಹುದು. ಬೀದಿನಾಯಿಗಳ ವಿಷಯ ಪ್ರತ್ಯೇಕವಾದದ್ದು. ಇಲ್ಲಿ ಒಡೆಯನುಳ್ಳ ನಾಯಿಯ ಮಾತನ್ನಷ್ಟೇ ಆಡುತ್ತೇವೆ.

ನಾಯಿಯ ಮೇಲೆ ನಮಗೆ ದ್ವೇಷವಿಲ್ಲ. ಕನ್ನಡ ನಾಡು ನಾಯಿಗೆ ವೀರಗಲ್ಲು ನಿಲ್ಲಿಸಿದ ನಾಡು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಶಾಸನದಲ್ಲಿ ಕಾಳಿ ಎಂಬ ಬೇಟೆನಾಯಿಯ ಕಥೆಯಿದೆ. ಗಂಗರ ಬೂತುಗನ ಸೇವಕನಾದ ಮಣಲೇರನು ತನಗೆ ಬೇರೆ ಬಹುಮಾನ ಬೇಡವೆಂದು ಆ ನಾಯಿಯನ್ನೇ ಕೇಳಿ ಪಡೆದನು. ಕಾಳಿ ಕಾಡುಹಂದಿಯೊಂದರ ಮೇಲೆ ಬಿದ್ದು ಹೋರಾಡಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ನಾಯಿಯ ಶೌರ್ಯದ ಕೀರ್ತಿಯಲ್ಲಿ ಒಡೆಯನಿಗೆ ಪಾಲುಂಟಾದರೆ, ಅದು ಮಾಡಿದ ಗಾಯದಲ್ಲಿಯೂ ಪಾಲುಂಟಾಗಬೇಕಷ್ಟೆ.

ಈ ಪಾಲನ್ನು ನಮ್ಮ ದೇಶದ ಕಾನೂನು 1860ರಿಂದಲೂ ಹೇಳುತ್ತ ಬಂದಿದೆ. ಹಳೆಯ ಭಾರತೀಯ ದಂಡ ಸಂಹಿತೆಯ 289ನೆಯ ಕಲಮು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಾಗಿದೆ. ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯನ ಜೀವಕ್ಕೆ ಅಪಾಯವಾಗದಂತೆ, ಭಾರಿ ಗಾಯವಾಗದಂತೆ ಸಾಕಷ್ಟು ಎಚ್ಚರಿಕೆ ವಹಿಸದವನಿಗೆ 6 ತಿಂಗಳವರೆಗೆ ಸೆರೆವಾಸ, ಇಲ್ಲವೆ 5000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಎಂಬುದು ಅದರ ಸಾರ. ಹಿಂದೆ ದಂಡದ ಮಿತಿ 1000 ರೂಪಾಯಿ ಇತ್ತು. ನಾಯಿ ಹಿಂದೆ ಯಾರನ್ನಾದರೂ ಕಚ್ಚಿರಲೇಬೇಕೆಂದು ಈ ಕಲಮು ಹೇಳುವುದಿಲ್ಲ. ಬುದ್ಧಿಪೂರ್ವಕವಾಗಿ ಮಾಡಿದ ಉಪೇಕ್ಷೆಗೂ ಇದು ಅನ್ವಯಿಸುತ್ತದೆ, ಅಜಾಗ್ರತೆಗೂ ಅನ್ವಯಿಸುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಪರರ ನಾಯಿಯನ್ನು ತಿರುಗಾಡಿಸುವ ನಮ್ಮವರು ಇದನ್ನು ಗಮನಿಸಬೇಕು. ಕಲಮಿನಲ್ಲಿರುವ ಮಾತು “ಒಡೆತನ” ಎಂದಲ್ಲ, “ವಶ” ಎಂದು. ಸಾಹೇಬರ ನಾಯಿಯನ್ನು ಸಂಜೆ ಬೀದಿಗೆ ಕರೆದೊಯ್ದ ಆಳಿನ ಕೈಯಿಂದ ಅದು ತಪ್ಪಿಸಿಕೊಂಡು ಮಗುವನ್ನು ಕಚ್ಚಿದರೆ, ಪ್ರಶ್ನೆ ಆಳಿನ ಕಡೆಗೂ ತಿರುಗಬಹುದು. ಆದುದರಿಂದ ಬಲವಾದ ಕೊರಳಪಟ್ಟಿ, ಗಿಡ್ಡವಾದ ಗಟ್ಟಿ ಹಗ್ಗ ಕೇಳಿ ಪಡೆಯಿರಿ. ನಿಮ್ಮ ಶಕ್ತಿಗೆ ಮೀರಿದ ನಾಯಿಯನ್ನಾಗಲಿ, ಎರಡು ದೊಡ್ಡ ನಾಯಿಗಳನ್ನು ಒಟ್ಟಿಗಾಗಲಿ ಹಿಡಿಯಬೇಡಿ. ನಾಯಿ ಕಚ್ಚುವ ಸ್ವಭಾವದ್ದೆಂದು ಕಂಡರೆ ಯಜಮಾನರಿಗೆ ಮೆಲ್ಲನೆ ಹೇಳಿದರೆ ಸಾಲದು. ಮತ್ತೊಬ್ಬರ ಎದುರಿನಲ್ಲಿ ಹೇಳಿರಿ, ಸಾಧ್ಯವಾದರೆ ಬರೆದು ಕೊಡಿರಿ. ಸಂಬಳಕ್ಕೆ ದುಡಿಯುವವನು ಯಜಮಾನನ ಹೊಣೆಯನ್ನೂ ತನ್ನ ಹೆಗಲಿಗೆ ಹಾಕಿಕೊಳ್ಳಬೇಕಾಗಿಲ್ಲ.

ಕೆಲವು ಜಾತಿಯ ನಾಯಿಗಳನ್ನೇ ನಿಷೇಧಿಸಿಬಿಟ್ಟರೆ ತೊಂದರೆ ತೀರುವುದಿಲ್ಲವೇ ಎಂದು ಕೇಳುವವರುಂಟು. 2024ರ ಮಾರ್ಚ್ 12ರಂದು ಕೇಂದ್ರ ಸರಕಾರದ ಪಶುಸಂಗೋಪನಾ ಇಲಾಖೆಯು ಪಿಟ್‌ಬುಲ್, ರಾಟ್‌ವೀಲರ್ ಮೊದಲಾದ 23 ಬಗೆಯ ನಾಯಿಗಳ ಮಾರಾಟಕ್ಕೂ ಸಾಕಣೆಗೂ ಪರವಾನಿಗೆ ಕೊಡಬಾರದೆಂದು ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತು. ಸಂಬಂಧಪಟ್ಟವರ ಅಭಿಪ್ರಾಯ ಕೇಳದೆ ಹೊರಡಿಸಿದ್ದೆಂದು ಅದೇ ಏಪ್ರಿಲ್‌ನಲ್ಲಿ ಕರ್ನಾಟಕದ ಹೈಕೋರ್ಟು ಅದನ್ನು ರದ್ದುಪಡಿಸಿತು. ಇಂಗ್ಲೆಂಡಿನವರು ಈ ದಾರಿಯನ್ನು ಮೊದಲೇ ತುಳಿದಿದ್ದರು. 1991ರ ಕಾಯಿದೆಯಲ್ಲಿ ಅವರು ನಾಲ್ಕು ಬಗೆಯ ನಾಯಿಗಳನ್ನು ನಿಷೇಧಿಸಿದರು. 2023ರ ಕೊನೆಗೆ ಎಕ್ಸ್‌ಎಲ್ ಬುಲ್ಲಿ ಎಂಬ ಐದನೆಯದನ್ನು ಸೇರಿಸಬೇಕಾಯಿತು. ಆದರೆ ಅದೇ ಕಾಯಿದೆಯ ಇನ್ನೊಂದು ಕಲಮು ಯಾವ ಜಾತಿಯ ನಾಯಿಯೇ ಆಗಲಿ, ಹತೋಟಿ ತಪ್ಪಿದರೆ ಒಡೆಯನನ್ನೇ ಹಿಡಿಯುತ್ತದೆ. 2014ರಿಂದ ಈ ಕಲಮು ಖಾಸಗಿ ಮನೆಯಂಗಳಕ್ಕೂ ಅನ್ವಯಿಸುತ್ತದೆ. ದೊಡ್ಡ ದವಡೆಯ ನಾಯಿಯಿಂದ ಗಾಯ ದೊಡ್ಡದಾಗುವುದು ನಿಜ. ಆದರೆ ಪಟ್ಟಿಯಲ್ಲಿಲ್ಲದ ನಾಯಿಗೂ ಹಲ್ಲಿರುತ್ತದೆ. ಗಟ್ಟಿ ಕೈಯೂ ಭದ್ರವಾದ ಗೇಟೂ ಎಲ್ಲ ಜಾತಿಯ ನಾಯಿಗೂ ಬೇಕು.

ನಾಯಿ ದುಷ್ಟವಾಗುವುದಕ್ಕೂ ಒಡೆಯನ ಕೈವಾಡ ಬಹಳವಿದೆ. ಹಗಲೆಲ್ಲ ಸರಪಳಿಯಲ್ಲಿ ಬಿಗಿದು, ಹೊಡೆದು, ಹಸಿವಿನಲ್ಲಿಟ್ಟು, ಹೊಸಬರ ಮುಖ ತೋರಿಸದೆ ಬೆಳೆಸಿದ ನಾಯಿ ಹೊಸಬರನ್ನು ಕಂಡೊಡನೆ ಹೆದರುತ್ತದೆ. ಹೆದರಿದ ನಾಯಿ ಕಚ್ಚುತ್ತದೆ. ಊಟ ಮಾಡುತ್ತಿರುವ ನಾಯಿ, ಮರಿ ಹಾಕಿದ ನಾಯಿ ಯಾರನ್ನೂ ಹತ್ತಿರ ಸೇರಿಸದು. ಬೊಗಳುವ ನಾಯಿ ಕಚ್ಚುವುದಿಲ್ಲವೆಂಬ ಗಾದೆಯನ್ನು ನಂಬಿ ಯಾರೂ ಗೇಟು ತೆರೆಯಬಾರದು. “ನಾಯಿ ಇದೆ, ಎಚ್ಚರಿಕೆ” ಎಂಬ ಹಲಗೆ ಒಳ್ಳೆಯದೇ; ಆದರೆ ಹಲಗೆಯು ಚಿಲಕದ ಕೆಲಸ ಮಾಡುವುದಿಲ್ಲ, ಓದುಬಾರದವನಿಗೆ ಅದರಿಂದ ಉಪಯೋಗವೂ ಇಲ್ಲ.

ಸಾಕುವವರು ಮಾಡತಕ್ಕದ್ದು ಇಷ್ಟು: ವರ್ಷವರ್ಷವೂ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ ಅದರ ಪುಸ್ತಕವನ್ನು ಜೋಪಾನವಾಗಿಡುವುದು, ನಗರಸಭೆಯಲ್ಲಿ ನಾಯಿಯನ್ನು ದಾಖಲು ಮಾಡಿಸುವುದು, ಬೀದಿಗೂ ಕಟ್ಟಡದ ಮೆಟ್ಟಿಲಿಗೂ ಹಗ್ಗವಿಲ್ಲದೆ ತರದಿರುವುದು, ಕಚ್ಚುವ ಅಭ್ಯಾಸವಿದ್ದರೆ ಊರಿನಲ್ಲಿ ಎತ್ತಿನ ಬಾಯಿಗೆ ಕುಕ್ಕೆ ಹಾಕುವಂತೆ ನಾಯಿಯ ಮೂತಿಗೂ ಹಾಕುವುದು, ಚಿಕ್ಕ ಮಕ್ಕಳೊಡನೆ ನಾಯಿಯನ್ನು ಒಂಟಿಯಾಗಿ ಬಿಡದಿರುವುದು. ಇದಿಷ್ಟಕ್ಕೆ ಪುರುಸೊತ್ತಿಲ್ಲದವರು ನಾಯಿ ಸಾಕದಿರುವುದೇ ಮೇಲು.

ಇನ್ನು ಕಚ್ಚಿಸಿಕೊಂಡವರು ಮಾಡತಕ್ಕದ್ದು. ವಾದ ವಿವಾದ ಆಮೇಲೆ, ಮೊದಲು ನೀರು. ಗಾಯವನ್ನು ನಲ್ಲಿಯ ಕೆಳಗಿಟ್ಟು ಸಾಬೂನು ಹಚ್ಚಿ ಪೂರ್ತಿ 15 ನಿಮಿಷ ತೊಳೆಯಿರಿ. ಮೆಣಸಿನಪುಡಿ, ಸುಣ್ಣ, ಅರಿಸಿನ, ಎಣ್ಣೆ ಯಾವುದನ್ನೂ ಮೆತ್ತಬೇಡಿ. ಅದೇ ದಿನ ಸರಕಾರಿ ಇಲ್ಲವೆ ನಗರಸಭೆಯ ಆಸ್ಪತ್ರೆಗೆ ಹೋಗಿರಿ. ಹೊಕ್ಕುಳಿನ ಸುತ್ತ 14 ಸೂಜಿ ಚುಚ್ಚುವರೆಂದು ಹೆದರಿ ಮನೆಯಲ್ಲಿ ಕೂರುವವರು ಇನ್ನೂ ಇದ್ದಾರೆ. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಹಳೆಯ ಮದ್ದು ನಮ್ಮ ದೇಶದಲ್ಲಿ ನಿಂತು ಇಪ್ಪತ್ತು ವರ್ಷವಾಯಿತು. ಈಗ ಸರಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ತೋಳಿನ ಚರ್ಮದಲ್ಲಿ ಕೊಡುತ್ತಾರೆ: ಮೊದಲ ದಿನ, ಅಲ್ಲಿಂದ 3, 7 ಮತ್ತು 28ನೆಯ ದಿನ. ಗಾಯ ಆಳವಾಗಿದ್ದರೆ ಅದರ ಸುತ್ತ ಮತ್ತೊಂದು ಮದ್ದು ಕೊಡಬೇಕಾಗುತ್ತದೆ, ಅದನ್ನು ಬೇಡವೆನ್ನಬೇಡಿ. ನಡುವೆ ಊರಿಗೆ ಹೊರಟರೆ ಚೀಟಿಯನ್ನು ಒಯ್ದು ಅಲ್ಲಿ ಮುಂದುವರಿಸಿರಿ. ಹುಚ್ಚಿನ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವ ಆಸೆ ಇಲ್ಲವೆಂದೇ ಹೇಳಬೇಕು. “ನಮ್ಮ ನಾಯಿಗೆ ಲಸಿಕೆಯಾಗಿದೆ” ಎಂದು ಒಡೆಯನು ಹೇಳಿದರೂ ವೈದ್ಯರ ಮಾತೇ ಕೊನೆಯ ಮಾತು. ಆ ನಾಯಿಯನ್ನು 10 ದಿನ ಕಣ್ಣಳತೆಯಲ್ಲಿಟ್ಟು ಕಾಯುವುದು ಒಡೆಯನ ಕರ್ತವ್ಯ. ನೀವು ಮಾತ್ರ ಕಾಯದೆ ಮೊದಲ ಸೂಜಿ ಹಾಕಿಸಿಕೊಳ್ಳಿರಿ.

ಆಸ್ಪತ್ರೆಯ ಚೀಟಿ, ಔಷಧದ ಬಿಲ್ಲು, ಗಾಯದ ಫೋಟೋ, ಕಂಡವರ ಹೆಸರು, ತಪ್ಪಿದ ದಿನಗೂಲಿಯ ಲೆಕ್ಕ, ಇವನ್ನು ಒಂದು ಕಡೆ ಇಡಿರಿ. ಪೋಲೀಸು ಠಾಣೆಯಲ್ಲಿ ದೂರು ಬರೆದು ಕೊಟ್ಟು ಪ್ರತಿ ಪಡೆಯಿರಿ. ದಂಡವಾಯಿತೆಂದ ಮಾತ್ರಕ್ಕೆ ಆ ಹಣ ನಿಮ್ಮ ಕೈಗೆ ಬರುವುದೆಂದು ತಿಳಿಯಬೇಡಿ; ನಿಮ್ಮ ನಷ್ಟವನ್ನು ಸಿವಿಲ್ ದಾವೆಯ ಮೂಲಕ ಕೇಳಬಹುದು. 1987ರ ಕಾಯಿದೆಯಂತೆ ಹೆಂಗಸರಿಗೂ, ಪರಿಶಿಷ್ಟ ಜಾತಿ ಪಂಗಡದವರಿಗೂ, ವರಮಾನ ಕಡಿಮೆಯಿದ್ದವರಿಗೂ ಉಚಿತವಾಗಿ ವಕೀಲರು ದೊರೆಯುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿರಿ. ಅರ್ಜಿ ಬರೆಯುವುದು ತಿಳಿಯದಿದ್ದರೆ ಸಂಜೆ ವಾಚನಾಲಯಕ್ಕೆ ಬನ್ನಿರಿ. ಲೇಖನಿ ಹಿಡಿಯಲು ನಾವಿದ್ದೇವೆ.

ನಾಯಿಯನ್ನು ಪ್ರೀತಿಸುವ ಹಕ್ಕು ಎಲ್ಲರಿಗೂ ಇದೆ. ಪಕ್ಕದ ಮನೆಯ ಮಗುವಿಗೂ ಬಾಗಿಲಿಗೆ ಬಂದ ಹಾಲಿನ ಹುಡುಗನಿಗೂ ಗಾಯವಿಲ್ಲದೆ ಮನೆ ಸೇರುವ ಹಕ್ಕಿದೆ. ಈ ಎರಡು ಹಕ್ಕುಗಳ ನಡುವೆ ಇರುವುದು ಒಂದು ಮೊಳ ಹಗ್ಗ. ಅದನ್ನು ಹಿಡಿಯಬೇಕಾದವನು ನಾಯಿಯನ್ನು ಮನೆಗೆ ತಂದವನೇ.