ನಿಮಗಿದು ಗೊತ್ತೆ? ಎದುರಿಗೆ ಬಂದರೆ ಎಡ-ಬಲ ಅದಲುಬದಲು!
ರಿಮೋಟ್‌ನಿಂದ ಮಾದರಿ ವಿಮಾನ ಹಾರಿಸುವ ಹೊಸಬರು ಹೆಚ್ಚಾಗಿ ತಬ್ಬಿಬ್ಬಾಗುವುದು ಅದು ತಮ್ಮತ್ತ ತಿರುಗಿ ಬರುವಾಗ. ಆಗ ಸ್ಟಿಕ್ ಬಲಕ್ಕೆ ತಳ್ಳಿದರೆ ವಿಮಾನ ನೋಡುವವರ ಎಡಕ್ಕೆ ವಾಲುತ್ತದೆ. ಗಾಬರಿಯಲ್ಲಿ ಇನ್ನಷ್ಟು ತಳ್ಳಿದರೆ ಮುಗಿಯಿತು, ನೆಲವೇ ಗತಿ!

ಅದಕ್ಕೇ ಅಮೆರಿಕದ ಕ್ಲಬ್ಬುಗಳಲ್ಲಿ ‘ಬಡ್ಡಿ ಬಾಕ್ಸ್’ ಬಳಸುತ್ತಾರೆ. ಗುರು-ಶಿಷ್ಯರಿಗೆ ಒಂದೊಂದು ರಿಮೋಟ್. ನಡುವೆ ಕೇಬಲ್ ಇಲ್ಲವೇ ವೈರ್‌ಲೆಸ್ ಸಂಪರ್ಕ. ಗುರು ಸ್ವಿಚ್ ಹಿಡಿದಿರುವಷ್ಟು ಹೊತ್ತು ಶಿಷ್ಯನ ಹಾರಾಟ. ಬೆರಳು ಬಿಟ್ಟರೆ ವಿಮಾನ ಗುರುವಿನ ಹತೋಟಿಗೆ.

ಈ ಹವ್ಯಾಸ ಇಂದು ನಿನ್ನೆಯದಲ್ಲ: ಅಲ್ಲಿನ ಮಾದರಿ ವಿಮಾನ ಹವ್ಯಾಸಿಗಳ ಸಂಘ ‘ಅಕಾಡೆಮಿ ಆಫ್ ಮಾಡೆಲ್ ಏರೋನಾಟಿಕ್ಸ್’ ಶುರುವಾದದ್ದು 1936ರಲ್ಲಿ.

ಇದೇನು ಬರೀ ಮಕ್ಕಳಾಟವಲ್ಲ. ಅಮೆರಿಕದ ಹವ್ಯಾಸಿ ಮೇನಾರ್ಡ್ ಹಿಲ್ ತಂಡದ, 5 ಕಿಲೋ ಆಸುಪಾಸಿನ ಬಾಲ್ಸಾ ಮರದ ವಿಮಾನ 2003ರ ಆಗಸ್ಟಿನಲ್ಲಿ ಸುಮಾರು 39 ಗಂಟೆ ಹಾರಿ, ಕೆನಡಾದಿಂದ ಐರ್ಲೆಂಡಿಗೆ ಅಟ್ಲಾಂಟಿಕ್ ದಾಟಿತು. ನಡುದಾರಿ ಆಟೋಪೈಲಟ್‌ನದು, ಏರಿಸಿದ್ದು, ಇಳಿಸಿದ್ದು ಹವ್ಯಾಸಿಗಳ ಕೈ!